ಮುಚ್ಚಳ ಬಿಟ್ಟು ಬಂದ ಭರಣಿ

ಬಹಳ ಹಿಂದೆ, ಕಡಲು ಇನ್ನೂ ಸಿಹಿಯಾಗಿದ್ದ ಕಾಲದಲ್ಲಿ, ಮನೆಯ ಪಾತ್ರೆಗಳೆಲ್ಲ ಮಾತಾಡುತ್ತಿದ್ದವಂತೆ. ಬಿಂದಿಗೆ ಬಾವಿಕಟ್ಟೆಯ ಸುದ್ದಿ ತರುತ್ತಿತ್ತು, ಒನಕೆ ಒರಳಿನ ಮೇಲೆ ಚಾಡಿ ಹೇಳುತ್ತಿತ್ತು. ಗಲಾಟೆ ತಾಳಲಾರದೆ ಒಬ್ಬಳು ಅಜ್ಜಿ ಒಂದೊಂದಕ್ಕೂ ಒಂದೊಂದು ಮುಚ್ಚಳ ಮಾಡಿಸಿದಳು. ಅಂದಿನಿಂದ ಪಾತ್ರೆಗಳು ಸುಮ್ಮನಾದವು. ಮುಚ್ಚಳದಿಂದ ಅಗಲಿದವು ಮಾತ್ರ ಇಂದಿಗೂ ಕತೆ ಹೇಳುತ್ತವೆ, ಅದು ಮತ್ತೆ ಸಿಗುವ ತನಕ.

ನಾನು ಅಂಥ ಒಂದು ಭರಣಿ. ನನ್ನ ಹೆಗಲು ಬೆಲ್ಲದ ಬಣ್ಣ, ಹೊಟ್ಟೆ ಕೆನೆಹಾಲಿನ ಬಣ್ಣ. ನಾನು ಹುಟ್ಟಿದ ಮಣ್ಣಿನ ಮುದ್ದೆಯಿಂದಲೇ ಕುಂಬಾರ ಒಂದು ಹಿಡಿ ತೆಗೆದಿಟ್ಟುಕೊಂಡು ನನ್ನ ಮುಚ್ಚಳ ಮಾಡಿದ. ಆವಿಗೆಯ ಬೆಂಕಿಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಕುಳಿತು ಬೆಂದೆವು. ಹೊರಗೆ ಬಂದಾಗ ಅವನು ಅದನ್ನು ನನ್ನ ತಲೆಯ ಮೇಲಿಟ್ಟು ಒಮ್ಮೆ ತಿರುಗಿಸಿ ನೋಡಿದ. 'ಟಕ್' ಎಂದು ಕೂತಿತು. ಆ ಸದ್ದು ನನ್ನ ಮೊದಲ ನೆನಪು.

ಬಡಗಣ ಬಂದರಿನಿಂದ ಹಾಯಿ ಕಟ್ಟಿದ ಮಂಜಿ ಹಡಗಿನಲ್ಲಿ, ಒಣಹುಲ್ಲಿನ ನಡುವೆ ಮಲಗಿ ನಾವು ತುಳುನಾಡಿಗೆ ಬಂದೆವು. ಅಂಗಡಿಯಲ್ಲಿ ಕೆಲವು ಕಾಲ ಕೂತೆವು. ಆಮೇಲೆ ಗಾಡಿ ಹತ್ತಿ ಸಂಪಿಗೆಬೀಡಿಗೆ ಹೋದೆವು.

ಸಂಪಿಗೆಬೀಡು ಒಂದು ಅರಮನೆ. ಹಿಂದೆ ಆ ಸೀಮೆಯನ್ನಾಳಿದ ಜೈನ ಅರಸರದ್ದು. ಅರಮನೆ ಎಂದ ಕೂಡಲೇ ಕಮಾನು, ಗೋಪುರ ಅಂದುಕೊಳ್ಳಬೇಡಿ. ದಪ್ಪ ಮಣ್ಣಿನ ಗೋಡೆ, ತಗ್ಗು ಬಾಗಿಲು, ಒಳಗೆ ಹೋದರೆ ಮರದ ಕಂಬಗಳ ದೊಡ್ಡ ಚಾವಡಿ. ಒಂದು ಕಂಬದ ಕೆತ್ತನೆಯಲ್ಲಿ ಒಂಬತ್ತು ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ಒಂದು ಆನೆಯಾಗಿ ನಿಂತಿದ್ದಾರೆ. ನನ್ನ ಜಾಗ ಅಡುಗೆಮನೆಯ ಮೂಲೆಯ ನೆಲ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಸೀರೆಯ ಅಂಚು, ಕಾಲುಂಗುರ, ಅರಶಿನ ಹಚ್ಚಿದ ಪಾದಗಳು. ವರ್ಷಕ್ಕೊಮ್ಮೆ ಮಾವಿನ ಮಿಡಿ ಮತ್ತು ಉಪ್ಪು ನನ್ನೊಳಗೆ ಇಳಿಯುತ್ತಿದ್ದವು. ಮುಚ್ಚಳ ಕೂರುತ್ತಿತ್ತು. ಕತ್ತಲಲ್ಲಿ ಉಪ್ಪು ನೀರಾಗುವುದನ್ನು ಕೇಳುತ್ತಾ ನಾನು ಹಾಯಾಗಿದ್ದೆ.

ಆ ಮನೆಗೆ ಸೊಸೆಯಾಗಿ ಮರುದೇವಮ್ಮ ಬಂದರು. ಅದೇ ವರ್ಷ ಊರಿನ ಹೆಂಗಸರಿಗೆ ಹೊಲಿಗೆ ಕಲಿಸಲು ಸೆವ್ರಿನ್ ಎಂಬ ಕ್ರಿಸ್ತುವರ ಹುಡುಗಿ ಬಂದು, ಬೀಡಿನ ಪಕ್ಕದ ಕೋಣೆಯಲ್ಲಿ ಉಳಿದಳು. ಮಧ್ಯಾಹ್ನ ಕಳೆದರೆ ಇಬ್ಬರೂ ಆನೆಯ ಕಂಬಕ್ಕೆ ಒರಗಿ ಕೂರುತ್ತಿದ್ದರು. ಸರಪಳಿ ಹೊಲಿಗೆ ಹಾಕುವಾಗ ಮರುದೇವಮ್ಮನ ದಾರ ದಿನಾ ಗಂಟಾಗುತ್ತಿತ್ತು. "ನೀವು ಹೊಲಿಯುದಾ, ಬಲೆ ನೇಯುದಾ?" ಎಂದು ಟೀಚರ್ ಕೇಳುವುದು, ಇಬ್ಬರೂ ನಗುವುದು, ಒಳಗಿದ್ದ ನನಗೆ ಕೇಳುತ್ತಿತ್ತು.

ಸೆವ್ರಿನಳಿಗೆ ಕಡಲ ಬದಿಯ ಊರಿನಲ್ಲಿ ಮದುವೆ ನಿಶ್ಚಯವಾಯಿತು. ಹೊರಡುವ ದಿನ ಮರುದೇವಮ್ಮ ನನ್ನನ್ನು ಮಿಡಿ ಉಪ್ಪಿನಕಾಯಿಯೊಂದಿಗೆ ಚಾವಡಿಗೆ ತಂದರು. ಮುಚ್ಚಳ ತೆಗೆದು ಸೆರಗಿನಲ್ಲಿ ಇಟ್ಟುಕೊಂಡರು.

"ಭರಣಿ ಕೊಂಡುಹೋಗಿ ಟೀಚರ್. ಮುಚ್ಚಳ ಇಲ್ಲೇ ಇರ್ಲಿ."

"ಮುಚ್ಚಳ ಇಲ್ಲದ ಭರಣಿ ಎಂತಕ್ಕೆ?"

"ಬಟ್ಟೆ ಕಟ್ಟಿ. ಇದು ನಮ್ಮ ಬೀಡಿನ ಪದ್ಧತಿ. ಮುಚ್ಚಳ ಮನೆಯಲ್ಲಿದ್ರೆ ಭರಣಿ ದಾರಿ ತಪ್ಪುದಿಲ್ಲ. ನೀವೇ ವಾಪಸ್ ತರ್ಬೇಕು. ಯಾರ ಕೈಯಲ್ಲೂ ಕಳಿಸ್ಬಾರ್ದು, ಆಯ್ತಾ?"

"ನಾನೇ ತರ್ತೇನೆ. ಖಾಲಿ ತರುದಿಲ್ಲ."

ತುಂಬಿ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು. ಅದು ಎರಡೂ ಮನೆಯವರು ನಡೆಸಿಕೊಂಡು ಬಂದ ಮಾತು. ಈ ಒಳ್ಳೆಯ ಮಾತೇ ಮುಂದೆ ನಮ್ಮನ್ನು ಅಷ್ಟು ಕಾಲ ಕಾಯಿಸಿತು.

ಉಪ್ಪಿನಕಾಯಿ ಮುಗಿಯಿತು. ಸೆವ್ರಿನ್ ನನ್ನನ್ನು ತೊಳೆದು ಬಿಸಿಲಿಗಿಟ್ಟು ತವರಿಗೆ ಹೋಗಿದ್ದಳು. ಅವಳ ಅತ್ತೆಯ ಕಣ್ಣು ನನ್ನ ಮೇಲೆ ಬಿತ್ತು. ವೈನ್ ಹುಳಿಯೇಳುವಾಗ ಉಸಿರಾಡಬೇಕು. ಬಿಗಿ ಮುಚ್ಚಳ ಅದಕ್ಕೆ ಆಗದು, ತೆಳು ಬಟ್ಟೆ ಸಾಕು. "ಇದಕ್ಕೆ ಮುಚ್ಚಳವೇ ಇಲ್ಲ, ವೈನಿಗೆ ಅಂತಲೇ ಮಾಡಿದ್ದು" ಎಂದು ಅತ್ತೆ ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಲವಂಗ ಎಲ್ಲ ಸುರಿದು ಬಾಯಿಗೆ ಬಟ್ಟೆ ಕಟ್ಟಿದರು. ಸೆವ್ರಿನ್ ಬಂದು ನೋಡಿ ಹಣೆಗೆ ಕೈಯಿಟ್ಟು ಕೂತಳು. ಹೊಸ ಸೊಸೆ, ಏನು ಹೇಳಿಯಾಳು?

ನಿಜ ಹೇಳಬೇಕೆಂದರೆ ವೈನ್ ನನಗೆ ಇಷ್ಟವಾಯಿತು. ಉಪ್ಪಿನಕಾಯಿ ಮೌನಿ, ವೈನ್ ಮಾತಿನ ಮಲ್ಲಿ. ಹಗಲೆಲ್ಲ ಗುಳುಗುಳು ಎನ್ನುತ್ತಾ ನನ್ನೊಳಗೆ ಏನೇನೋ ಹೇಳುತ್ತಿತ್ತು. ಕ್ರಿಸ್ಮಸ್ಸಿಗೆ, ನಾಮಕರಣಕ್ಕೆ, ಮದುವೆಯ ಮುಂಚಿನ ರೋಸ್ ಶಾಸ್ತ್ರಕ್ಕೆ ಆ ಮನೆಯ ವೈನ್ ಊರಿಗೇ ಹೆಸರಾಯಿತು. ಆದರೆ ಮದ್ಯ ಸೋಂಕಿದ ಪಾತ್ರೆ ಜೈನರ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ತುಂಬಿದ್ದರೆ ನನ್ನೊಳಗೆ ವೈನ್, ಒಯ್ಯುವಂತಿಲ್ಲ. ಬಸಿದಿಟ್ಟರೆ ಖಾಲಿ, ಆಗಲೂ ಒಯ್ಯುವಂತಿಲ್ಲ. ಬೇರೇನಾದರೂ ತುಂಬಿ ಸುಮ್ಮನೆ ಕೊಟ್ಟು ಬಂದರೆ ಗೆಳತಿಗೆ ಮೋಸ. ನಿಜ ಹೇಳಿ ಕೊಟ್ಟರೆ ಗೆಳತಿ ಉಳಿಯುವಳೋ ಇಲ್ಲವೋ. ಒಮ್ಮೆ ಮರುದೇವಮ್ಮ ಯಾರದೋ ಮುಖಾಂತರ, "ನನ್ನ ಭರಣಿ ಕಡಲು ನೋಡಿ ಮುಗಿಯಲಿಲ್ವಾ?" ಎಂದು ಕೇಳಿಸಿದ್ದರು. ಅಷ್ಟರಲ್ಲಿ ಊರವರು ಗೌರವದಿಂದ 'ಬಾಯಿ' ಎನ್ನತೊಡಗಿದ್ದ ಸೆವ್ರಿನ್ ಉತ್ತರ ಕಳಿಸಲಿಲ್ಲ. ಆ ಸಂಜೆ ನನ್ನ ಕುತ್ತಿಗೆಯನ್ನು ಸುಮ್ಮನೆ ಸವರುತ್ತಾ ಕೂತಿದ್ದರು.

ಹಾಗೆಯೇ ಅವರ ಕೂದಲು ಬೆಳ್ಳಗಾಯಿತು. ಮೊಮ್ಮಗಳು ಡೆಲಿಶಾ ಕಾಲೇಜು ಸೇರಿದಳು.

ಈ ಬೇಸಿಗೆಯಲ್ಲಿ ಡೆಲಿಶಾ ಗೆಳತಿಯರ ಜೊತೆ ಒಂದು ದಿನದ ಪ್ರವಾಸ ಹೋಗಿ ಬಂದಳು. ಅರಮನೆ, ಕಡಲು, ವೈನ್ ಮಾಡುವ ತೋಟ, ಎಲ್ಲ ಒಂದೇ ದಿನದಲ್ಲಿ ತೋರಿಸುವ ಖಾಸಗಿ ಕಾರಿನ ಪ್ರವಾಸ. ಮೊಬೈಲಿನಲ್ಲಿ ಅಜ್ಜಿಗೆ ಚಿತ್ರ ತೋರಿಸುತ್ತಾ ನಕ್ಕಳು.

"ಮಾಂಯ್, ನೋಡಿ ಇದನ್ನು. ಅರಮನೆಯಲ್ಲಿ ಕತ್ತಿ, ಪಲ್ಲಕ್ಕಿ ಎಲ್ಲ ಇಟ್ಟ ಕೋಣೆಯಲ್ಲಿ ಒಂದು ಬರೀ ಮುಚ್ಚಳ. ಅದಕ್ಕೂ ಗಾಜಿನ ಪೆಟ್ಟಿಗೆ. ಅಲ್ಲಿಯ ಅಜ್ಜಿ ಹಟ ಹಿಡಿದು ಇಡಿಸಿದ್ದಂತೆ."

ಬಾಯಿ ಕನ್ನಡಕ ಹಾಕಿ ನೋಡಿದರು. ಬೆಲ್ಲದ ಬಣ್ಣದ ಮುಚ್ಚಳ. ಅವರು ನಗಲಿಲ್ಲ.

"ಆ ಕಾರಿನವನಿಗೆ ಫೋನ್ ಮಾಡು. ನನಗೂ ಒಂದು ಟ್ರಿಪ್ ಬೇಕು ಅಂತ ಹೇಳು."

ಹೀಗೆ ಲೋಹಿತಾಕ್ಷ ನಮ್ಮ ಅಂಗಳಕ್ಕೆ ಬಂದ. ಡ್ರೈವರೂ ಅವನೇ, ಗೈಡೂ ಅವನೇ. ಬಿಳಿ ಅಂಗಿ, ಕತ್ತಿನಲ್ಲಿ ಗುರುತುಚೀಟಿ. "ಬೆಳಿಗ್ಗೆ ಅರಮನೆ, ಮಧ್ಯಾಹ್ನ ಬೀಚು, ಸಂಜೆ ವೈನ್" ಎಂದು ಅಭ್ಯಾಸದ ಮಾತು ಶುರು ಮಾಡಿದ.

"ಅದನ್ನು ತಿರುಗಿಸಿ ಹಾಕಿ," ಅಂದರು ಬಾಯಿ. "ಮೊದಲು ವೈನ್, ಆಮೇಲೆ ಕಡಲು, ಕೊನೆಗೆ ಅರಮನೆ."

"ಬೆಳ್ಬೆಳಿಗ್ಗೆ ವೈನಾ ಬಾಯಮ್ಮ?"

"ನನಗಲ್ಲ ಮಾರಾಯ. ಇದಕ್ಕೆ." ಬಾಯಿ ನನ್ನನ್ನು ತೋರಿಸಿದರು. ನನ್ನ ಹೊಟ್ಟೆಯಲ್ಲಿ ಅರ್ಧ ಹುಳಿಯೆದ್ದ ವೈನ್ ಇತ್ತು. ಅದನ್ನು ಚೆಲ್ಲಲು ಅವರಿಗೆ ಮನಸ್ಸಿರಲಿಲ್ಲ. "ಒಂದು ಮಾತು. ಸೂರ್ಯ ಮುಳುಗುವ ಮೊದಲು ಅರಮನೆ ತಲುಪಬೇಕು. ಮರುದೇವಮ್ಮ ಹೊತ್ತು ಕಂತಿದ ಮೇಲೆ ನೀರೂ ಮುಟ್ಟುದಿಲ್ಲ. ಅವರು ಊಟಕ್ಕೆ ಕೂತಾಗ ನಾನು ಅಲ್ಲಿರಬೇಕು."

ಲೋಹಿತಾಕ್ಷ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದ. ಮೊದಲ ತಿರುವಿನಲ್ಲೇ ವೈನ್ ತುಳುಕಿತು. "ನಾಳೆ ಬರುವ ಗಿರಾಕಿ ಎಂತ ಹೇಳಿಯಾರು," ಎಂದು ಕನ್ನಡಿಯಲ್ಲಿ ನೋಡಿ ಅಂದ, "ಡ್ರೈವರ್ ಬೆಳಿಗ್ಗೆಯೇ ಸುರು ಮಾಡಿದ್ದಾನೆ ಅಂತ."

ವೈನ್ ತೋಟ ಇನಾಸ್ ಎಂಬ ಕ್ರಿಸ್ತುವರ ಯಜಮಾನರದ್ದು, ಊರವರಿಗೆ ಅವರು ಪೊರ್ಬುಗಳು. ಗುಡ್ಡದ ಇಳಿಜಾರಿನಲ್ಲಿ ಹಲಸು, ಗೇರು, ನೇರಳೆ. ತಣ್ಣನೆಯ ಕೋಣೆಯಲ್ಲಿ ಸಾಲುಸಾಲು ಉಕ್ಕಿನ ಪೀಪಾಯಿಗಳು. ಅವಕ್ಕೆಲ್ಲ ಬಿಗಿಯಾದ ಮುಚ್ಚಳ. ಒಂದೂ ನನ್ನೊಡನೆ ಮಾತಾಡಲಿಲ್ಲ. ಪೊರ್ಬುಗಳು ಒಂದು ಸೌಟು ವೈನ್ ಎತ್ತಿ ರುಚಿ ನೋಡಿ, "ಇನ್ನೂ ಮಗು ಇದು. ನಾನು ಸಾಕ್ತೇನೆ" ಎಂದು ಒಂದು ಗಾಜಿನ ಜಾಡಿಗೆ ಬಗ್ಗಿಸಿಕೊಂಡರು. ಆಮೇಲೆ ನನ್ನ ಸುತ್ತ ಒಂದು ಸುತ್ತು ಬಂದರು.

"ಸೆವ್ರಿನ್ ಬಾಯಿ, ಈ ಭರಣಿ ಇಲ್ಲೇ ಇರ್ಲಿ. ಬಂದವರಿಗೆ ತೋರಿಸ್ಲಿಕ್ಕೆ ಚಂದ. ನಿಮ್ಮ ಹೆಸರು ಹಾಕ್ತೇನೆ."

ಕ್ಷಣಕಾಲ ನನಗೂ ಆಸೆಯಾಯಿತು. ನನ್ನ ಜೀವಮಾನದ ಬಹುಪಾಲು ಕಳೆದದ್ದು ಈ ಪರಿಮಳದಲ್ಲೇ. ಅರಮನೆಯಲ್ಲಿ ಯಾರು ನನ್ನನ್ನು ಒಳಗೆ ಕರೆದಾರು?

"ನನ್ನದಾದ್ರೆ ಕೊಡ್ತಿದ್ದೆ ಇನಾಸ್. ಇದು ನನ್ನದಲ್ಲ," ಅಂದರು ಬಾಯಿ.

ಕಡಲ ದಂಡೆಯಲ್ಲಿ ಬಾಯಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ತೆಂಗಿನ ನಾರು, ಹುಣಸೆಹುಳಿ ಹಾಕಿ ನನ್ನನ್ನು ಉಜ್ಜಿದರು. ತೊಳೆಯುವುದು, ಮೂಗಿಗೆ ಹಿಡಿಯುವುದು, ತಲೆಯಾಡಿಸಿ ಮತ್ತೆ ತೊಳೆಯುವುದು. ಅಷ್ಟರಲ್ಲಿ ಒಂದು ತೆರೆ ನನ್ನನ್ನು ಅವರ ಕೈಯಿಂದ ಎತ್ತಿಕೊಂಡಿತು. ಮುಚ್ಚಳವಿಲ್ಲದ ನನ್ನೊಳಗೆ ಕಡಲು ನುಗ್ಗಿತು. ಹಿಂದೆ ಮಂಜಿಯ ತಳದಲ್ಲಿ ಮಲಗಿದ್ದಾಗ ಹೊರಗಿನಿಂದ ಕೇಳಿದ ದನಿ ಈಗ ನನ್ನ ಒಳಗೇ ಇತ್ತು. ಪ್ಯಾಂಟು ಸಮೇತ ನೀರಿಗೆ ಹಾರಿ ಲೋಹಿತಾಕ್ಷ ನನ್ನನ್ನು ತಬ್ಬಿ ಹಿಡಿದ.

"ಟ್ರಿಪ್ಪಿನಲ್ಲಿ ಈಜುದು ಸೇರಿಲ್ಲ ಬಾಯಮ್ಮ," ಅಂದ ಏದುಸಿರಿನಲ್ಲಿ.

ಬಿಸಿಲಿನಲ್ಲಿ ನಾನು ಒಣಗುವ ತನಕ ಅವರು ಬಂಡೆಯ ನೆರಳಲ್ಲಿ ಕಾದರು. ಬಾಯಿ ಕೈಚೀಲದಿಂದ ಒಂದು ಹೊಸ ಬಿಳಿ ಬಟ್ಟೆಯ ಚೀಲ ತೆಗೆದರು. ಇಡೀ ವಾರ ಕೂತು ಹೊಲಿದದ್ದು, ಚೀಲದ ಬಾಯಿಯ ಸುತ್ತ ಕೆಂಪು ದಾರದ ಸರಪಳಿ ಹೊಲಿಗೆ. ಅಳಿವೆಯ ಬದಿಯ ಉಪ್ಪಿನ ಗದ್ದೆಗೆ ಹೋಗಿ ಅದರ ತುಂಬ ಹೊಸ ಉಪ್ಪು ಹಾಕಿಸಿ ನನ್ನೊಳಗೆ ಇಳಿಸಿದರು. ಉಪ್ಪು ನನ್ನ ಮೈಗೆ ತಾಗದಂತೆ.

"ವಾಸನೆ ಹೋಗಿದೆ ಅಲ್ವಾ?" ಕೇಳಿದ ಲೋಹಿತಾಕ್ಷ.

"ಸ್ವಲ್ಪ ಉಂಟು."

"ಉಪ್ಪಿನಡಿಯಲ್ಲಿ ಯಾರಿಗೆ ಗೊತ್ತಾಗ್ತದೆ? ನೀವು ಹೇಳುದೇ ಬೇಡ."

"ಭರಣಿಗೆ ಗೊತ್ತುಂಟಲ್ಲ," ಅಂದರು ಬಾಯಿ.

ಕಾರು ಗುಡ್ಡ ಹತ್ತುವಾಗ ಬಿಸಿಲು ಮರಗಳ ತುದಿಗೆ ಹೋಗಿತ್ತು. ಲೋಹಿತಾಕ್ಷ ಗಾಡಿಯನ್ನು ಜೋರಾಗಿ ಬಿಟ್ಟ. ಆದರೂ ಚಾವಡಿಗೆ ಕಾಲಿಟ್ಟ ಕೂಡಲೇ ಅಭ್ಯಾಸಬಲ ಅವನನ್ನು ಬಿಡಲಿಲ್ಲ.

"ಇಲ್ಲಿ ನೋಡಿ ಬಾಯಮ್ಮ, ಒಂಬತ್ತು ಹೆಂಗಸರು ಸೇರಿ ಒಂದು ಆನೆ..."

"ಅದರ ಈ ಕಾಲಿಗೆ ನಾನು ಒರಗುದು, ಆ ಕಾಲಿಗೆ ಅವರು," ಅಂದರು ಬಾಯಿ.

ಮರುದೇವಮ್ಮ ಚಾವಡಿಯ ಮಣೆಯ ಮೇಲೆ ಕೂತಿದ್ದರು. ಮುಂದೆ ಸಂಜೆಯ ಊಟ, ಗಂಜಿ ಮತ್ತು ಒಂದು ಲೋಟ ಮಜ್ಜಿಗೆ. ಕಣ್ಣು ಮಂಜಾಗಿತ್ತು. ಆದರೆ ಹೆಜ್ಜೆಯ ಸದ್ದಿಗೆ ತಲೆ ಎತ್ತಿದರು.

"ಯಾರದು?"

ಬಾಯಿ ನನ್ನನ್ನು ಅವರ ಮುಂದೆ ಇಟ್ಟರು. ಮರುದೇವಮ್ಮನ ಬೆರಳುಗಳು ನನ್ನ ಹೆಗಲ ಮೇಲೆ ಹರಿದವು, ಕುತ್ತಿಗೆ ಸುತ್ತಿದವು, ನಿಂತವು.

"ತಡ ಮಾಡಿದ್ರಿ ಟೀಚರ್."

"ತಡ ಆಯ್ತು ಅಮ್ಮ."

ಮರುದೇವಮ್ಮ ಬಗ್ಗಿ ನನ್ನ ಬಾಯಿಗೆ ಮೂಗು ತಂದರು. ಕಣ್ಣು ಮಂಜಾದವರ ಮೂಗು ಚುರುಕು. ನಾನು ಉಸಿರು ಬಿಗಿಹಿಡಿದೆ, ಭರಣಿಗೆ ಉಸಿರಿದ್ದರೆ.

"ದ್ರಾಕ್ಷಿ," ಅಂದರು.

"ವೈನ್," ಅಂದರು ಬಾಯಿ. "ಒಂದು ಸಲ ಅಲ್ಲ, ಇಷ್ಟು ವರ್ಷವೂ. ಮೊದಲು ಹಾಕಿದ್ದು ಅತ್ತೆ, ಆಮೇಲೆ ನಾನೇ. ಮುಚ್ಚಳ ಇಲ್ಲ ಅಂತ ವೈನಿಗೆ ಸರಿ ಕಂಡಿತು. ಉಪ್ಪು ಮಾತ್ರ ಹೊಸ ಚೀಲದಲ್ಲಿ ಉಂಟು, ಭರಣಿಗೆ ತಾಗಲಿಲ್ಲ. ಬೇಡ ಅಂದ್ರೆ ಹಾಗೆಯೇ ಕೊಂಡುಹೋಗ್ತೇನೆ."

ಲೋಹಿತಾಕ್ಷ ಕಂಬದ ಆನೆಯನ್ನೇ ನೋಡುತ್ತಾ ನಿಂತ. ಕಿಟಕಿಯ ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿತ್ತು.

"ಹಾಗಾದ್ರೆ ತಪ್ಪು ಮುಚ್ಚಳದ್ದು," ಮರುದೇವಮ್ಮ ನಿಧಾನವಾಗಿ ಅಂದರು. "ನಾನು ಅದನ್ನು ಕೊಟ್ಟು ಕಳಿಸಿದ್ರೆ ಇದು ಉಪ್ಪಿನಕಾಯಿಯ ಭರಣಿಯಾಗಿಯೇ ಇರ್ತಿತ್ತು. ಇದು ಅಡುಗೆಮನೆಗೆ ಬರುವ ಹಾಗಿಲ್ಲ ಟೀಚರ್. ಬೇಜಾರು ಮಾಡ್ಬೇಡಿ, ಅದು ಆಗುದಿಲ್ಲ."

"ಗೊತ್ತುಂಟು ಅಮ್ಮ."

"ಮುಚ್ಚಳವೂ ಈಗ ಅಡುಗೆಮನೆಯಲ್ಲಿ ಇಲ್ಲ. ಇಲ್ಲೇ ಚಾವಡಿಯ ಕೋಣೆಯಲ್ಲಿ ರಾಜರ ಕತ್ತಿಯ ಪಕ್ಕ ಕೂತಿದೆ. ಇದೂ ಅಲ್ಲೇ ಕೂರ್ಲಿ."

ಅವರ ಕೈ ನನ್ನೊಳಗೆ ಇಳಿಯಿತು. ಚೀಲದ ಬಾಯಿಯ ಕೆಂಪು ದಾರವನ್ನು ಬೆರಳು ಒಂದೊಂದೇ ಕೊಂಡಿಯಾಗಿ ಎಣಿಸುವಂತೆ ಸವರಿತು.

"ಸರಪಳಿ ಹೊಲಿಗೆ. ನಿಮ್ಮದು ಈಗಲೂ ಗಂಟಾಗುದಿಲ್ಲ."

"ನಿಮ್ಮದು?"

"ನನ್ನದು ಬಲೆಯೇ."

ಇಬ್ಬರೂ ನಕ್ಕರು. ನಾನು ಅಡುಗೆಮನೆಯ ಮೂಲೆಯಲ್ಲಿ ಕೂತು ಕೇಳುತ್ತಿದ್ದ ಅದೇ ನಗು, ಸ್ವಲ್ಪ ಒಣಗಿತ್ತು ಅಷ್ಟೆ. ಮರುದೇವಮ್ಮ ಒಂದು ಚಿಟಿಕೆ ಉಪ್ಪು ತೆಗೆದು ಮಜ್ಜಿಗೆಗೆ ಹಾಕಿದರು. ಅರ್ಧವನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ ಗೆಳತಿಯ ಕಡೆ ಸರಿಸಿದರು.

"ಬೇಗ ಕುಡಿಯಿರಿ. ಹೊತ್ತು ಕಂತುತ್ತದೆ."

ಗೋಡೆಯ ಮೇಲಿನ ಬಿಸಿಲು ಮಾಡಿನ ಹತ್ತಿರ ಸಣ್ಣ ಗೆರೆಯಾಗಿದ್ದಾಗ ಎರಡೂ ಲೋಟ ಖಾಲಿಯಾದವು.

ಈಗ ಮರುದೇವಮ್ಮ ಎದ್ದಿದ್ದಾರೆ. ಗೆಳತಿಯ ಕೈ ಹಿಡಿದು ಪಕ್ಕದ ಕೋಣೆಗೆ ಹೋಗಿದ್ದಾರೆ. ಗಾಜು ಸರಿದ ಸದ್ದು ಕೇಳಿತು. ನನಗೆ ಎರಡು ಮನೆಯ ರುಚಿ ಗೊತ್ತು, ಯಾವುದೂ ನನ್ನಲ್ಲಿ ಇನ್ನೊಂದನ್ನು ಅಳಿಸಲಿಲ್ಲ. ಉಪ್ಪು ಕಾಯುವುದನ್ನು ಕಲಿಸಿತು, ದ್ರಾಕ್ಷಿ ಉಸಿರಾಡುವುದನ್ನು. ಹೇಳಬೇಕೆಂದಿದ್ದದ್ದು ಇನ್ನೂ ಇತ್ತು, ಮಂಜಿಯ ಇಲಿಗಳ ಕತೆ, ಅತ್ತೆಯ ಕತೆ. ಆದರೆ ಅದೋ, ಇಬ್ಬರು ಮುದುಕಿಯರು ಒಂದು ಮುಚ್ಚಳವನ್ನು ನಾಲ್ಕು ಕೈಗಳಲ್ಲಿ ಹಿಡಿದು ಬರುತ್ತಿದ್ದಾರೆ. ಅದು ಸ್ವಲ್ಪ ಮಾಸಿದೆ. ನನ್ನನ್ನು ಗುರುತಿಸೀತೇ? ಅದರ ನೆರಳು ನನ್ನ ಮೇಲೆ ಬಿತ್ತು. ಮರುದೇವಮ್ಮ ಅದನ್ನು ಇಟ್ಟು, ಕುಂಬಾರ ಮಾಡಿದ ಹಾಗೆಯೇ, ಒಮ್ಮೆ ತಿರುಗಿಸುತ್ತಿದ್ದಾರೆ.

ಟಕ್.