ಎರಡು ಸೀಟಿನ ಮಿಡತೆ

ಹಲ್ಲಿನ ನಡುವೆ ಎರಡು ಕ್ಲಿಪ್ಪು ಕಚ್ಚಿಕೊಂಡು, ಗಂಡನ ಯೂನಿಫಾರಂ ಅಂಗಿಯನ್ನು ಕೊಡವಿ ಅವಳು ಹಗ್ಗಕ್ಕೆ ಹಾಕುತ್ತಿದ್ದಾಗ ಗೇಟು ಕಿರ್ರೆಂದಿತು. ಹತ್ತು ಗಂಟೆಗೆ ಬರುತ್ತೇನೆಂದಿದ್ದ, ಮಗಳ ಶಾಲೆಯ ಡ್ರಾಯಿಂಗ್ ಟೀಚರು ಒಂಬತ್ತಕ್ಕೇ ಬಂದು ನಿಂತಿದ್ದರು. ಬಕೆಟ್ಟಿನಲ್ಲಿ ಇನ್ನೂ ಅರ್ಧ ಬಟ್ಟೆ ಉಳಿದಿತ್ತು. ಅವಳ ಬಾಯಲ್ಲಿ ಕ್ಲಿಪ್ಪು, ಕೈಯಲ್ಲಿ ಒದ್ದೆ ಅಂಗಿ, ಮುಂದಕ್ಕೆ ಏಳು ತಿಂಗಳ ಹೊಟ್ಟೆ. ಬನ್ನಿ ಎನ್ನುವುದಕ್ಕೆ ತಲೆಯೊಂದೇ ಬಿಡುವಾಗಿತ್ತು, ಅದನ್ನೇ ಆಡಿಸಿದಳು.

ನಿದ್ದೆಯೇ ಸರಿಯಾಗಿ ಬರಲಿಲ್ಲ, ಅದಕ್ಕೇ ಬೇಗ ಬಂದುಬಿಟ್ಟೆ ಎಂದು ಟೀಚರು ಹೋಂವರ್ಕ್ ಮರೆತ ಹುಡುಗಿಯ ಹಾಗೆ ಹೇಳಿದರು. ಹೇಳುವಾಗ ಅವರ ಕಣ್ಣು ಇವಳ ಮೇಲಿರಲಿಲ್ಲ, ಷೆಡ್ಡಿನ ಕಡೆಗಿತ್ತು.

ಷೆಡ್ಡಿನಲ್ಲಿ ಮಿಡತೆ ಇತ್ತು. ಮಿಡತೆಯೆಂದರೆ ಎಳೆ ಹುಲ್ಲಿನ ಬಣ್ಣದ ಪುಟಾಣಿ ಸ್ಪೋರ್ಟ್ಸ್ ಕಾರು. ಎರಡೇ ಎರಡು ಸೀಟು, ಬೇಕೆಂದಾಗ ಹಿಂದಕ್ಕೆ ಮಡಚುವ ಬಟ್ಟೆಯ ಚಾವಣಿ. ಹೊರಡುವಾಗ ಒಂದು ಸಲ ಎಗರಿಯೇ ಹೊರಡುತ್ತಿದ್ದರಿಂದ ಆ ಹೆಸರು. ಟೆಲಿಫೋನ್ ಆಫೀಸಿನಲ್ಲಿದ್ದ ಅವಳ ಸೋದರತ್ತೆ ಪ್ರಾಯದಲ್ಲಿ ಕೊಂಡು ಮೂವತ್ತು ವರ್ಷ ಓಡಿಸಿದ್ದು. ಮಂಡಿನೋವು ಶುರುವಾದ ಮೇಲೆ ಒಂದು ದಿನ ಕೀಲಿಕೈ ತಂದು ಇವಳ ಅಂಗೈಯಲ್ಲಿಟ್ಟು, ಇದರಲ್ಲಿ ಕೂತರೆ ಏಳೋಕಾಗಲ್ಲ, ಎದ್ದರೆ ಕೂರೋಕಾಗಲ್ಲ, ನೀನಾದರೂ ಗಾಳಿ ಕುಡಿ ಎಂದು ಹೇಳಿ ನಡೆದುಕೊಂಡೇ ಮನೆಗೆ ಹೋಗಿದ್ದರು.

ಅಂದಿನಿಂದ ಅವಳು ಕುಡಿದ ಗಾಳಿಗೆ ಲೆಕ್ಕವಿಲ್ಲ. ದಿನವಿಡೀ ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ತಲೆ ಬಗ್ಗಿಸಿ ಗಾಜು ಉಜ್ಜಿ, ಅಂಚು ತೀಡಿ, ಫ್ರೇಮಿಗೆ ಕೂರಿಸುವ ಕೆಲಸ ಅವಳದು. ಸಂಜೆ ಮಿಡತೆಯೊಳಗೆ ಕೂತು ಚಾವಣಿ ಮಡಚಿದರೆ, ಬಗ್ಗಿದ್ದ ಕತ್ತು ತಾನಾಗಿ ಮೇಲೇಳುತ್ತಿತ್ತು. ನೆಲಕ್ಕೆ ಅಂಟಿಕೊಂಡೇ ಕೂತಂತಿರುವ ಆ ಸೀಟಿನಿಂದ ಊರು ಬೇರೆಯದಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಬಂದು ನಿಂತ ಲಾರಿಯ ಚಕ್ರ ಆಳೆತ್ತರ. ಮರದ ನೆರಳು ಒಂದೊಂದಾಗಿ ತೊಡೆಯ ಮೇಲೆ ಬಿದ್ದು ಜಾರಿಹೋಗುತ್ತಿತ್ತು. ಬೇಕರಿಯ ಮುಂದೆ ಬ್ರೆಡ್ಡಿನ ವಾಸನೆ, ಬಡಗಿಯ ಅಂಗಡಿಯ ಮುಂದೆ ಹೊಟ್ಟಿನ ವಾಸನೆ, ಕೆರೆಯ ತಿರುವಿನಲ್ಲಿ ತಣ್ಣನೆಯ ನೀರಿನ ವಾಸನೆ. ಒಂದು ಪ್ಯಾಕೆಟ್ ಹಾಲು ತರಲು ಹೋದವಳು ಮುಕ್ಕಾಲು ಗಂಟೆ ಸುತ್ತಿ, ಹಾಲನ್ನೇ ಮರೆತು ಬಂದದ್ದೂ ಉಂಟು.

ಗಂಡ ಬಸ್ಸಿನ ಡ್ರೈವರು. ನಲವತ್ತೆರಡು ಸೀಟಿನದನ್ನು ದಿನವೆಲ್ಲ ಓಡಿಸಿ ಬಂದವನು ಎರಡು ಸೀಟಿನದರೊಳಗೆ ಕೈಕಾಲು ಮಡಚಿ ತೂರಿಕೊಳ್ಳುವುದನ್ನು ನೋಡಿದರೆ ಕೊಡೆಯನ್ನು ಕೈಚೀಲಕ್ಕೆ ತುರುಕಿದ ಹಾಗಿರುತ್ತಿತ್ತು. ಒಂಬತ್ತು ವರ್ಷದ ಮಗಳನ್ನು ಅವನು ಕರೆಯುತ್ತಿದ್ದದ್ದೇ ಕಂಡಕ್ಟರ್ ಎಂದು. ಮಾತೇ ಆಡದ ಕಂಡಕ್ಟರ್. ಭಾನುವಾರ ಮೂರು ಸುತ್ತು ಕಡ್ಡಾಯ: ಅಮ್ಮ ಮಗಳು ಒಂದು, ಅಪ್ಪ ಮಗಳು ಒಂದು, ಅಪ್ಪ ಅಮ್ಮ ಒಂದು. ಪ್ರತಿ ಸುತ್ತಿಗೂ ಒಬ್ಬರು ಗೇಟಿನ ಹತ್ತಿರ ಉಳಿಯಬೇಕು. ಮಗಳು ಉಳಿಯುವ ಸರದಿಯಲ್ಲಿ ಪಕ್ಕದ ಮನೆಯ ಅಜ್ಜಿ ಕಿಟಕಿಯಿಂದ ಒಂದು ಕಣ್ಣಿಟ್ಟಿರುತ್ತಿದ್ದರು.

ಈಗ ಮಿಡತೆಯನ್ನು ಮಾರುವುದೆಂದು ಆಗಿತ್ತು. ತೀರ್ಮಾನ ಅವಳದೇ. ಗಂಡ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಎದ್ದು ಹೋಗಿ ಮಿಡತೆಯ ಟೈರಿಗೆ ಗಾಳಿ ತುಂಬಿಸಿಕೊಂಡು ಬಂದ. ಮಗಳು ಮಾತ್ರ ಅಂದಿನಿಂದ ಎಂಟು ದಿನ ಅಮ್ಮನ ಸುತ್ತ ಸುಳಿಯುತ್ತಿದ್ದಳು. ಪಾತ್ರೆ ತೊಳೆಯುವಾಗ ಬಂದು ನಿಲ್ಲುವಳು, ಬಾಯಿ ತೆರೆಯುವಳು, ಮುಚ್ಚಿಕೊಂಡು ಹೋಗುವಳು. ಏನೋ ಒಂದು ಪ್ರಶ್ನೆ ಗಂಟಲಿನವರೆಗೆ ಬಂದು ಕೂತಿದೆ ಎಂದು ತಾಯಿಗೆ ಗೊತ್ತಿತ್ತು. ಇವಳ ಪ್ರಶ್ನೆಗಳೇ ಹಾಗೆ, ಒಳಗೇ ಮಾಗಬೇಕು. ಮೊದಲ ಹಲ್ಲು ಬಿದ್ದಾಗ, ಅದು ಇನ್ನೂ ನನ್ನದೋ ಅಲ್ಲವೋ ಎಂದು ಕೇಳುವುದಕ್ಕೆ ಮೂರು ದಿನ ತೆಗೆದುಕೊಂಡಿದ್ದಳು. ಕೆದಕಿದರೆ ಬಸವನಹುಳುವಿನ ಹಾಗೆ ಒಳಗೆ ಹೋಗಿಬಿಡುತ್ತಾಳೆ. ಹಾಗಾಗಿ ಅಮ್ಮ ಕಾದಳು. ಉತ್ತರವನ್ನಂತೂ ಸಿದ್ಧಮಾಡಿ ಇಟ್ಟುಕೊಂಡಿದ್ದಳು: ಇಷ್ಟು ದಿನ ಮೂರು ಜನ, ಇನ್ನು ನಾಲ್ಕು ಜನ, ಅದರಲ್ಲಿರುವುದು ಎರಡೇ ಸೀಟು. ಗಾಜು ಉಜ್ಜುವಾಗ ಎಷ್ಟೋ ಸಲ ಅದನ್ನು ಮನಸ್ಸಿನಲ್ಲೇ ಹೇಳಿ ನೋಡಿದ್ದಳು. ಎಲ್ಲೂ ಬಿರುಕಿರಲಿಲ್ಲ.

ಟೀಚರು ಷೆಡ್ಡಿನೊಳಗೆ ಹೋಗಿ ಮಿಡತೆಯ ಮೂತಿಯ ಮುಂದೆ ಕೈಕಟ್ಟಿ ನಿಂತರು. ಆರಡಿಗೆ ಒಂದಿಷ್ಟೇ ಕಡಿಮೆ ಇರುವ ಹೆಂಗಸು, ಇನ್ನೆರಡು ತಿಂಗಳಿಗೆ ನಿವೃತ್ತಿ. ಮೂವತ್ತು ವರ್ಷ ಮಕ್ಕಳು ಬರೆದ ಕಾರುಗಳ ಚಕ್ರವನ್ನು ತಿದ್ದಿ ತಿದ್ದಿ ದುಂಡಗೆ ಮಾಡಿದ್ದೇನೆ, ನನಗೇ ಅಂತ ಒಂದು ಕಾರು ಬೇಡವೇ ಎಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ತೊಂದರೆ ಏನಾದರೂ ಇದ್ದರೆ ಮೊದಲೇ ಹೇಳಿಬಿಡಿ ಎಂದು ಕೇಳಿದರು.

ಸುಳ್ಳು ಹೇಳುವ ಜಾಯಮಾನ ಅವಳದಲ್ಲ. ಎಲ್ಲವನ್ನೂ ಯೋಚಿಸಿ ನಿನ್ನೆಯೇ ಒಂದು ಚೀಟಿ ಬರೆದಿಟ್ಟಿದ್ದಳು. ಅದನ್ನು ತಂದು ಕೊಟ್ಟಳು. ಚೀಟಿಯಲ್ಲಿ ಒಂದೇ ಸಾಲಿತ್ತು: ಗಡಿಯಾರ ನಡೆಯುವುದಿಲ್ಲ.

"ಇಷ್ಟೇನಾ?"

"ಇಷ್ಟೇ ಟೀಚರ್. ಬಾಕಿ ಎಲ್ಲ ಚೆನ್ನಾಗಿದೆ."

ಟೀಚರು ಸಂತೋಷದಿಂದ ಬಾಗಿಲಿನ ಹಿಡಿಕೆ ಎಳೆದರು. ಬಾಗಿಲು ಅಲುಗಲಿಲ್ಲ. ಅವಳು ಏನೂ ಆಗದವಳಂತೆ ಮುಂದೆ ಬಂದು, ಕಿಟಕಿಯೊಳಗೆ ಕೈ ಇಳಿಬಿಟ್ಟು ಒಳಗಿನ ಹಿಡಿಕೆ ಮೀಟಿ, ಮೊಣಕಾಲಿನಿಂದ ಕೆಳಗಡೆ ಒಂದು ಏಟು ಕೊಟ್ಟಳು. ತೆರೆಯಿತು. ಇದು ಹೀಗೇ ತೆರೆಯೋದಾ ಎಂದು ಟೀಚರು ಕೇಳಿದರು. ಮತ್ತೆ ಹೇಗೆ ತೆರೆಯುತ್ತಾರೆ ಎಂದು ಅವಳಿಗೆ ಒಂದು ಕ್ಷಣ ಹೊಳೆಯಲೇ ಇಲ್ಲ.

ಪೆಟ್ರೋಲಿನ ಮುಳ್ಳು ಅರ್ಧ ತೋರಿಸುತ್ತಿದೆಯಲ್ಲ ಎಂದರು ಟೀಚರು. ಅದು ಯಾವಾಗಲೂ ಅರ್ಧವನ್ನೇ ತೋರಿಸುತ್ತದೆ, ತುಂಬಾ ಸಮಾಧಾನದ ಮುಳ್ಳು ಎಂದಳು ಇವಳು. ಪಕ್ಕದ ಸೀಟಿನ ಕೆಳಗೆ ಟವೆಲ್ಲೊಂದು ಯಾಕಿದೆ ಎಂದು ಕೇಳಿದರು. ಮಳೆ ಬಂದರೆ ಒಂದೇ ಜಾಗದಲ್ಲಿ ಸೋರುತ್ತದೆ, ಕೂತವರ ಬಲ ಮಂಡಿಯ ಮೇಲೆ ಮಾತ್ರ, ಬೇರೆಲ್ಲೂ ಒಂದು ಹನಿ ಬೀಳುವುದಿಲ್ಲ ಎಂದು ಹೆಮ್ಮೆಯಿಂದಲೇ ಹೇಳಿದಳು. ಹೇಳಿ ಮುಗಿಸುವ ಹೊತ್ತಿಗೆ ತನ್ನ ಮಾತು ತನ್ನ ಕಿವಿಗೇ ಬಿತ್ತು. ಹನ್ನೊಂದು ವರ್ಷದಲ್ಲಿ ಕೊರತೆಗಳೆಲ್ಲ ಒಂದೊಂದಾಗಿ ಮನೆಮಂದಿಯ ಹಾಗೆ ಒಳಗೆ ಬಂದು ಕೂತಿದ್ದವು; ಯಾವುದನ್ನೂ ಕೊರತೆಯೆಂದು ಕರೆಯುವುದೇ ನಿಂತುಹೋಗಿತ್ತು. ಅವಳ ಕಿವಿ ಕೆಂಪಾಯಿತು. ಟೀಚರು ಚೀಟಿಯನ್ನು ಇನ್ನೊಮ್ಮೆ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಲುಕಿಸಿ ನಕ್ಕರು.

"ಗಡಿಯಾರ ಒಂದೇ ಕೆಟ್ಟಿರೋದು, ಅಲ್ವಾ? ನಿಮ್ಮನ್ನೂ ಕಾರಿನ ಜೊತೆಗೇ ಕರ್ಕೊಂಡು ಹೋಗ್ಬೇಕಾಗುತ್ತೆ ನಾನು."

ಓಡಿಸಿ ನೋಡಬೇಕೆಂದರು. ಅಲ್ಲೇ ಪೇಚಿಗಿಟ್ಟುಕೊಂಡದ್ದು. ಅವಳ ಹೊಟ್ಟೆ ಆ ತಗ್ಗು ಸೀಟಿಗೆ ಇಳಿಯುವುದನ್ನು ಬಿಟ್ಟು ತಿಂಗಳಾಗಿತ್ತು; ಕೊನೆಯ ಸಲ ಕೂತಾಗ ಗಂಡ ಎರಡೂ ಕೈ ಹಿಡಿದು ಎಳೆದು ನಿಲ್ಲಿಸಬೇಕಾಗಿ ಬಂದಿತ್ತು. ಗಂಡ ಬೆಳಗಿನ ಪಾಳಿಗೆ ಹೋಗಿದ್ದ. ಪಕ್ಕದಲ್ಲಿ ಕೂತು ಹೇಳಿಕೊಡುವವರಿಲ್ಲದೆ ಮಿಡತೆ ಗೇಟು ದಾಟುವುದಿಲ್ಲ. ಏನು ಮಾಡುವುದೆಂದು ನೋಡುವಷ್ಟರಲ್ಲಿ ಮಗಳು ಆ ಕಡೆಯ ಬಾಗಿಲು ತೆಗೆದು, ಕೂತು, ಬೆಲ್ಟು ಹಾಕಿಕೊಂಡು, ಎದುರಿಗೆ ನೋಡುತ್ತಿದ್ದಳು. ಎರಡು ವರ್ಷದಿಂದ ಅವಳಿಗೆ ಪಾಠ ಹೇಳುತ್ತಿದ್ದ ಟೀಚರು, ಚಿಂತೆಯೇನಿರಲಿಲ್ಲ. ಮಗಳ ಬಾಯಿಂದ ಮಾತು ಹೊರಡುತ್ತದೆಯೇ ಎನ್ನುವುದೊಂದೇ ಅನುಮಾನ. ಕೆರೆಯವರೆಗೆ ಹೋಗಿ ಬಂದುಬಿಡಿ ಎಂದು ಹೇಳಿ ಅವಳು ಗೇಟು ತೆರೆದಳು.

ಟೀಚರು ಕೀಲಿ ತಿರುಗಿಸಿದರು. ಒಳಗೆಲ್ಲೋ ಟಿಕ್ ಟಿಕ್ ಶುರುವಾಯಿತು.

"ಈಗಲೇ ಬೇಡ ಟೀಚರ್," ಎಂದಿತು ಸಣ್ಣ ದನಿ. "ಅದು ಪೆಟ್ರೋಲ್ ಕುಡೀತಿದೆ. ಕುಡಿದು ಸುಮ್ಮನಾಗ್ಲಿ."

ಟಿಕ್ ಟಿಕ್ ನಿಧಾನವಾಯಿತು, ನಿಂತಿತು. ಹೂಂ ಈಗ ಎಂದಳು ಮಗಳು. ಮಿಡತೆ ಒಮ್ಮೆ ಎಗರಿ ಬೀದಿಗೆ ಹೊರಟಿತು. ಟೀಚರ ಮಂಡಿಗಳು ಸ್ಟೀರಿಂಗಿನ ಎರಡೂ ಕಡೆ ಮೇಲೆದ್ದು, ಅವರೇ ದೊಡ್ಡದೊಂದು ಮಿಡತೆಯ ಹಾಗೆ ಕಾಣುತ್ತಿದ್ದರು.

ಅವಳು ಗೇಟು ಹಿಡಿದು ನಿಂತಳು. ಬಕೆಟ್ಟಿನ ಬಟ್ಟೆ ನೆನಪಿಗೆ ಬಂದರೂ ಕಾಲು ಆ ಕಡೆ ಹೋಗಲಿಲ್ಲ. ಕಾಣದಿದ್ದರೂ ಮಿಡತೆ ಎಲ್ಲೆಲ್ಲಿ ಹೋಗುತ್ತಿದೆಯೆಂದು ಕಿವಿ ಹೇಳುತ್ತಿತ್ತು. ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋಗುವ ಮುಂಚೆ ಒಂದು ಗುಟುಕು ನುಂಗುವಷ್ಟು ಹೊತ್ತು ಸುಮ್ಮನಿರಬೇಕು, ಇಲ್ಲದಿದ್ದರೆ ಅದು ಹಲ್ಲು ಕಡಿಯುತ್ತದೆ. ಎರಡನೆಯದು ಬಿತ್ತು. ಆಮೇಲೆ ಒಂದು ಗುಟುಕಿನಷ್ಟು ಮೌನ. ಮೂರನೆಯದು ಬೆಣ್ಣೆಯ ಹಾಗೆ ಇಳಿಯಿತು. ಅಷ್ಟು ದೂರದಲ್ಲಿ ಮಗಳು ಬಾಯಿಬಿಟ್ಟು ಹೇಳಿದ್ದಾಳೆ ಎಂದು ತಾಯಿಗೆ ತಿಳಿದು, ಬೀದಿಯಲ್ಲಿ ಒಬ್ಬಳೇ ನಿಂತು ಮುಖವೆಲ್ಲ ಅರಳಿಸಿಕೊಂಡಳು. ಎಡಕ್ಕೆ ತಿರುಗುವಾಗ ಮಿಡತೆಯ ಹಾರನ್ನು ತಾನಾಗಿಯೇ ಕೂಗುತ್ತದೆ. ಮೂಲೆಯ ದಿನಸಿಯಂಗಡಿಯವರು ಅದನ್ನು ನಮಸ್ಕಾರವೆಂದು ತಿಳಿದು ಹನ್ನೊಂದು ವರ್ಷದಿಂದ ಕೈ ಎತ್ತುತ್ತ ಬಂದಿದ್ದಾರೆ. ಪೀಂ ಎಂದು ಕೇಳಿಸಿತು. ಕೈ ಎತ್ತಿರುತ್ತಾರೆ ಎಂದುಕೊಂಡಳು.

ಆಮೇಲೆ ಏನೂ ಕೇಳಿಸಲಿಲ್ಲ. ಗೇಟಿನ ಕಬ್ಬಿಣ ಅಂಗೈಗೆ ತಣ್ಣಗಿತ್ತು. ಇಲ್ಲಿ ನಿಲ್ಲುವ ಸರದಿ ತನಗೂ ಬರುತ್ತಿದ್ದದ್ದೇ. ಆದರೆ ಕಿವಿಗೆ ಸದ್ದು ಸಿಗದ ಈ ಐದಾರು ನಿಮಿಷ ಇಷ್ಟು ಉದ್ದವೆಂದು ಅವಳು ಗಮನಿಸಿರಲಿಲ್ಲ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಅಜ್ಜಿ ಕಿಟಕಿಯಿಂದ ಇನ್ನೂ ಬಂದಿಲ್ಲವಾ ಎಂದು ಕೇಳಿದರು. ಕೆರೆಯ ಹತ್ತಿರ ಕೆಟ್ಟು ನಿಂತಿದೆಯೋ ಏನೋ ಎಂದು ಹೇಳಬೇಕೆನ್ನುವಾಗ ದೂರದಲ್ಲಿ ಮಿಡತೆಯ ಗೊರಗೊರ ಕೇಳಿತು.

ಬಂದರು. ಟೀಚರ ಜಡೆ ಬಿಚ್ಚಿಹೋಗಿ ತಲೆ ಕಾಗೆಗೂಡಾಗಿತ್ತು, ಕೆನ್ನೆ ಕೆಂಪಾಗಿತ್ತು. ನಡುವೆ ಒಂದು ಸಲ ನಿಂತುಹೋಯಿತಂತೆ. ಬಾನೆಟ್ಟು ತೆಗೆಸಿ, ಯಾವುದೋ ಸಡಿಲವಾದ ತಂತಿಯನ್ನು ತೋರಿಸಿ, ಹೇರ್‌ಪಿನ್ನಿನಿಂದ ಸಿಕ್ಕಿಸಿ ಎಂದಳಂತೆ ಮಗಳು. ಸಿಕ್ಕಿಸಿದ ಮೇಲೆ ಹೊರಟಿತಂತೆ. ಜಡೆ ಬಿಚ್ಚಿದ್ದು ಹಾಗೆ.

"ನನ್ನ ಕ್ಲಾಸಲ್ಲಿ ಎರಡು ವರ್ಷದಿಂದ ಆಡದಿರೋ ಮಾತೆಲ್ಲ ಒಂದು ಸುತ್ತಿಗೇ ಆಡಿಬಿಟ್ಲು ನಿಮ್ಮ ಮಗಳು," ಎಂದರು ಟೀಚರು. "ಹಳ್ಳ ಇದೆ ನೋಡ್ಕೊಳಿ, ಟೀಚರ್, ಒಂದು ಗುಟುಕು ನುಂಗಿ, ಈಗ ಗೇರ್ ಹಾಕಿ ಅಂತೆಲ್ಲ. ನನ್ನನ್ನೇ ಬೆಂಚ್ ಮೇಲೆ ನಿಲ್ಲಿಸ್ತಾಳೇನೋ ಅಂದ್ಕೊಂಡೆ."

ಕಾರಿನಿಂದ ಹೊರಬರಲು ಅವರಿಗೆ ಮೂರು ಪ್ರಯತ್ನ ಬೇಕಾಯಿತು. ಬಂದವರು ಬಾನೆಟ್ಟಿನ ಮೇಲೆ ಅಂಗೈಯಿಟ್ಟುಕೊಂಡು ನಿಂತರು, ಕರುವಿನ ಬೆನ್ನು ಸವರುವವರ ಹಾಗೆ. ಬಾಗಿಲು, ಮುಳ್ಳು, ಮಂಡಿಗೆ ಸೋರುವುದು, ಎಲ್ಲದರ ಸಮೇತ ತನಗೆ ಇದು ಬೇಕು ಎಂದರು. ನೀವು ಹೂಂ ಎಂದರೆ ಈಗಲೇ ಮಾತು ಮುಗಿಸೋಣ, ಬೇಡವೆಂದರೆ ಬೇಜಾರಿಲ್ಲ, ಆದರೆ ಇಲ್ಲಿ ನಿಂತೇ ಕೇಳಿಸಿಕೊಂಡು ಹೋಗುತ್ತೇನೆ ಎಂದರು. ಕೀಲಿಕೈಯನ್ನು ಅವಳ ಕಡೆ ಚಾಚಿದರು.

ಅವಳು ತೆಗೆದುಕೊಂಡಳು. ಕೀಲಿಕೈ ಬೆಚ್ಚಗಿತ್ತು. ಹೂಂ ಎನ್ನಲು ಬಾಯಿ ತೆರೆದಳು. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಎಂಟು ದಿನದಿಂದ ಮಗಳು ಮಾಡುತ್ತಿದ್ದದ್ದನ್ನೇ ತಾನೀಗ ಮಾಡುತ್ತಿದ್ದೇನೆ ಎಂದು ತಿಳಿದು ನಗುವೂ ಬಂತು. ತಿರುಗಿ ನೋಡಿದರೆ ಮಗಳು ಪಕ್ಕದಲ್ಲೇ ಇದ್ದಳು. ಗಾಳಿಗೆ ಕೆದರಿದ ಕೂದಲು, ಕೈಗೆ ಗ್ರೀಸು, ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ಅಷ್ಟು ಹೊತ್ತು ಗಾಳಿಯಲ್ಲಿ ಕೂಗಿ ಕೂಗಿ ದನಿ ಒಡೆದು ದೊಡ್ಡದಾಗಿತ್ತು. ಅಮ್ಮ ಹೊಟ್ಟೆ ಸಂಭಾಳಿಸಿಕೊಂಡು ಆದಷ್ಟು ಬಾಗಿ, ಕಿವಿ ಕೊಟ್ಟು ನಿಂತಳು.

"ಅಮ್ಮ, ಈಗ ಇಬ್ಬರು ಹೋದ್ರೆ ಒಬ್ಬರು ಗೇಟ್ ಹತ್ರ ಒಂಟಿಯಾಗಿ ನಿಂತಿರ್ಬೇಕು. ಪಾಪು ಬಂದ್ಮೇಲೆ ನಿಂತಿರೋರಿಗೂ ಒಬ್ಬರು ಜೊತೆ ಸಿಗ್ತಾರೆ. ಹಾಗಿದ್ಮೇಲೆ ಯಾಕಮ್ಮ ಮಾರ್ಬೇಕು?"