ಕಿವಿ ಮೇಸ್ತ್ರಿ

"ಇನ್ನೊಂದ್ಸಲ ಕೀ ತಿರುಗ್ಸಿ ಡಾಕ್ಟ್ರಮ್ಮ," ಎಂದು ಮೇಸ್ತ್ರಿ ಕೂಗಿದ. ಅವನ ತಲೆ ಡಿಕ್ಕಿಯೊಳಗಿತ್ತು, ಕಿವಿ ತಳದ ತಗಡಿಗೆ ಅಂಟಿಕೊಂಡಿತ್ತು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಂಥ ಕೆಂಪು ಸ್ಪೋರ್ಟ್ಸ್ ಕಾರು ಅದು. ಕೀ ತಿರುಗಿಸಿದೊಡನೆ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪುಟ್ಟ ಪಂಪು ಎರಡು ಸೆಕೆಂಡು ಗುಂಯ್ ಎನ್ನಬೇಕು. ಅವನಿಗೆ ಏನೂ ಕೇಳಿಸಲಿಲ್ಲ.

"ಹೊಸ ಪಂಪೂ ಹೋಗಿದೆ," ಎಂದ.

ಹಲ್ಲಿನ ಡಾಕ್ಟರಮ್ಮ ಸ್ಟೀರಿಂಗ್ ಮೇಲೆ ಹಣೆಯಿಟ್ಟರು. "ಹೋದ್ವಾರ ತಾನೇ ಹಾಕಿದ್ದಲ್ವಾ? ಬೆಳಿಗ್ಗೆ ಸಿಗ್ನಲ್ಲಲ್ಲಿ ಮತ್ತೆ ನಿಂತೋಯ್ತು. ಹಿಂದಿನೋರೆಲ್ಲ ನನ್ನ ಇಡೀ ವಂಶಾನ ನೆನೆಸ್ಕೊಂಡ್ರು."

ಬೇರೆ ಗ್ಯಾರೇಜಿನವರು ಕಾರಿಗೆ ಕಂಪ್ಯೂಟರ್ ಹಚ್ಚುತ್ತಾರೆ. ಇವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ರೋಗ ಹೇಳುತ್ತಿದ್ದ. ಹಾಗಾಗಿಯೇ ಗಿರಾಕಿಗಳು ಕಿವಿ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಮೂವತ್ತು ವರ್ಷ ಅನ್ನ ಹಾಕಿದ ಹೆಸರು. ಆದರೆ ಮನೆಯಲ್ಲಿ ಎರಡು ವರ್ಷದಿಂದ, "ಅದೇನು ಬಾಯೊಳಗೇ ಗೊಣಗ್ತೀಯ," ಎಂದು ಹೆಂಡತಿಯ ಮೇಲೆ ರೇಗುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಕೆಗೂ ಹೇಳಿ ಹೇಳಿ ಸಾಕಾಗಿ, ಮಾತು ಕಡಿಮೆ ಮಾಡಿದ್ದಳು.

ಊಟ ತಂದಿದ್ದ ಆಕೆ ಈಗ ಕಾರಿನ ಹಿಂದೆಯೇ ನಿಂತಿದ್ದಳು. ಅವನೆದುರಿಗೆ ಬಂದು ದನಿ ಎತ್ತರಿಸಿ ಕೇಳಿದಳು, "ಸೊಳ್ಳೆ ಥರ ಗುಂಯ್ ಅಂತಿದ್ಯಲ್ಲ, ಏನದು?"

"ಯಾವಾಗ?"

"ಅವ್ರು ಕೀ ತಿರುಗ್ಸಿದಾಗೆಲ್ಲ. ಹೋದ್ವಾರ ಹಳೇದಿದ್ದಾಗ್ಲೂ ಅಂತಿತ್ತು. ಆಗ್ಲೇ ಹೇಳ್ದೆ. ನೀವು ತಿರುಗೂ ನೋಡ್ಲಿಲ್ಲ."

ಮೇಸ್ತ್ರಿ ಪಂಪಿನ ಮುಚ್ಚಳದ ಮೇಲೆ ಅಂಗೈ ಇಟ್ಟು, ಕೀ ತಿರುಗಿಸಲು ಹೇಳಿದ. ಅಂಗೈ ಕೆಳಗೆ ಮುಚ್ಚಳ ಅದುರಿತು. ಪಂಪು ಓಡುತ್ತಿತ್ತು. ಅವನಿಗೆ ಭಯವಾಯಿತು. ಕಿವಿ ಹೋದ ಮೇಲೆ ಕಿವಿ ಮೇಸ್ತ್ರಿಯ ಹತ್ತಿರ ಯಾರು ಗಾಡಿ ತರುತ್ತಾರೆ?

ಪೆಟ್ರೋಲ್ ಬರುತ್ತಿದೆ ಎಂದರೆ ಕಿಡಿ ಹಾರುತ್ತಿಲ್ಲ. ಬಾನೆಟ್ ಎತ್ತಿ ಒಂದೊಂದೇ ವೈರನ್ನು ಬೆರಳಿನಿಂದ ಅಲುಗಿಸುತ್ತ ಹೋದ. ಒಂದು ಗಂಟೆ ಹಿಡಿಯಿತು, ಸೊಂಟ ಬಿದ್ದುಹೋಯಿತು. ಕೊನೆಗೆ ಕಿಡಿ ಹುಟ್ಟಿಸುವ ಕಾಯಿಲ್ ಕೆಳಗೆ ಅರ್ತ್ ವೈರಿನ ತುದಿ ಹಸಿರು ಕಿಲುಬು ಹಿಡಿದು ಸಡಿಲಾಗಿದ್ದುದು ಸಿಕ್ಕಿತು. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ಹೋದ ವಾರ ಪಂಪು ಬದಲಿಸುವಾಗ ಗಾಡಿ ಅಲುಗಾಡಿ, ಆ ತುದಿ ಹೇಗೋ ತಾಗಿಕೊಂಡು ನಾಲ್ಕು ದಿನ ಓಡಿಸಿತ್ತು, ಅಷ್ಟೇ. ಉಪ್ಪುಕಾಗದದಲ್ಲಿ ಉಜ್ಜಿ, ಬೋಲ್ಟ್ ಬಿಗಿದು, ಬಾನೆಟ್ ಮುಚ್ಚಿ ಕೀ ತಿರುಗಿಸಲು ಹೇಳಿದ. ಒಂದೇ ಏಟಿಗೆ ಎಂಜಿನ್ ಗುಡುಗಿತು.

ಪಂಪೂ ಕೆಟ್ಟಿತ್ತು, ವೈರೂ ಕೆಟ್ಟಿತ್ತು ಎಂದುಬಿಡಬಹುದಿತ್ತು. ಮಾತು ನಾಲಗೆಯ ತುದಿಗೇ ಬಂದಿತ್ತು. ಹೆಂಡತಿ ನೆಲ ನೋಡುತ್ತಿದ್ದಳು, ಆಕೆಯಂತೂ ಬಾಯಿ ಬಿಡುವವಳಲ್ಲ. ಆದರೆ ಕೇಳಿಸದ ಮಾತಿಗೆಲ್ಲ ಎರಡು ವರ್ಷ ತಲೆಯಾಡಿಸಿ ಅವನಿಗೆ ದಣಿವಾಗಿತ್ತು.

"ಡಾಕ್ಟ್ರಮ್ಮ, ನಿಮ್ಮ ಹಳೇ ಪಂಪು ಸರಿಯಾಗೇ ಇತ್ತು," ಎಂದ. "ಕೆಟ್ಟಿರೋದು ನನ್ನ ಕಿವಿ."

ಡಾಕ್ಟರಮ್ಮ ಮುಂದಿನ ರಸ್ತೆಯನ್ನೇ ನೋಡುತ್ತ ಹೇಳಿದರು, "ನಾನೂ ಒಂದ್ಸಲ ಪಕ್ಕದ ಹಲ್ಲು ಕಿತ್ತಿದ್ದೀನಿ ಮೇಸ್ತ್ರಿ. ಆ ಪೇಷಂಟ್ ಇವತ್ತಿಗೂ ನನ್ನ ಹತ್ರಾನೇ ಬರ್ತಾರೆ."

ಹೆಂಡತಿ ಫಕ್ಕನೆ ನಕ್ಕಳು. ಎಂಜಿನ್ನಿನ ಗುಡುಗಿನ ಆಚೆ ಎರಡು ಬಾಯಿಗಳು ಅಲುಗಿದ್ದಷ್ಟೇ ಮೇಸ್ತ್ರಿಗೆ ಗೊತ್ತಾದದ್ದು. ಹಳೆಯ ಚಾಳಿ, ಕತ್ತು ತಾನಾಗಿಯೇ ಆಡತೊಡಗಿತು. ಅದನ್ನು ತಡೆದ.

"ಏನಂದ್ರು?" ಎಂದು ಹೆಂಡತಿಯನ್ನು ಕೇಳಿದ.

ಆಕೆ ಕಾರನ್ನು ಸುತ್ತಿ ಬಂದು, ಅವನ ಭುಜ ಹಿಡಿದುಕೊಂಡು ತುದಿಗಾಲಲ್ಲಿ ನಿಂತು ಕಿವಿಯ ಹತ್ತಿರ ಬಾಯಿ ತಂದಳು.