ಕನ್ನಡದಲ್ಲಿ ಹೇಳು, ಮಾರಾಯ

ಆ ಮೂರು ಕಪ್ ಗೆದ್ದವನು ಶಂಕ್ರೆಪ್ಪ. ಅವು ಕೂತಿದ್ದದ್ದು ಮಾತ್ರ ಜಯಶೀಲ ಶೆಟ್ಟರ ಹೋಟೆಲಿನ ಗಲ್ಲೆಯ ಮೇಲೆ, ಗಣಪತಿ ಫೋಟೋದ ಪಕ್ಕದಲ್ಲಿ. ಠಾಣೆ ಬಳಿಯ ಐರೋಲಿ ಸ್ಟೇಷನ್ನಿನಲ್ಲಿ ಇಳಿದು ಇಡ್ಲಿ ತಿನ್ನಲು ಬಂದ ಗಿರಾಕಿ ಇದೇನು ಎಂದು ಕೇಳಿದರೆ ಸಾಕು, ಶೆಟ್ಟರು ಕೈಯಲ್ಲಿದ್ದ ಕೆಲಸ ಬಿಟ್ಟು ಟೆನಿಸಿನ ಮೇಲೆ ಅರ್ಧ ಗಂಟೆ ಪುರಾಣ ಹೇಳುತ್ತಿದ್ದರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಸಂಗತಿ ಇಷ್ಟು. ಐರೋಲಿಯ ಒಂದು ದೊಡ್ಡ ಹೌಸಿಂಗ್ ಸೊಸೈಟಿಯಲ್ಲಿ ಟೆನಿಸ್ ಕೋರ್ಟ್ ಇದೆ. ಬೆಳಿಗ್ಗೆ ಆಡಲು ಬರುವ ಮೆಂಬರುಗಳು ಹದಿನೈದು ಮಂದಿ. ಪ್ರತಿ ಜನವರಿ, ಆಸ್ಟ್ರೇಲಿಯನ್ ಓಪನ್ ಶುರುವಾಗುವ ಹಿಂದಿನ ದಿನ, ಅವರೊಳಗೊಂದು ಸ್ಪರ್ಧೆ. ದೊಡ್ಡ ಆಟಗಾರರಿಗೆ ಮೊದಲೇ ನಂಬರು ಕೊಟ್ಟಿರುತ್ತಾರಲ್ಲ, ಸೀಡ್ ಅಂತ, ಆ ಮೂವತ್ತೆರಡು ಜನರಲ್ಲಿ ಮೊದಲ ಸುತ್ತಿನಲ್ಲೇ ಮಣ್ಣು ಮುಕ್ಕುವ ಐವರು ಯಾರು ಎಂದು ಒಬ್ಬೊಬ್ಬರೂ ಹಾಳೆಯಲ್ಲಿ ಬರೆದು ಕೋರ್ಟಿನ ಪಕ್ಕದ ಶೆಡ್ಡಿನ ಬೋರ್ಡಿಗೆ ಚುಚ್ಚಬೇಕು. ಹೆಚ್ಚು ಸರಿ ಬಂದವರಿಗೆ ಕಪ್. ಮೂರು ವರ್ಷದಿಂದ ಶೆಟ್ಟರದೇ ಗೆಲುವು. ಉಳಿದವರು ಅವರನ್ನು ಪಂಡಿತ್‌ಜಿ ಎಂದೇ ಕರೆಯುತ್ತಿದ್ದರು.

ಪಂಡಿತ್‌ಜಿಗೆ ಹೆಸರು ಹೇಳಿಕೊಡುತ್ತಿದ್ದವನು ಕೋರ್ಟಿನ ಮಾರ್ಕರ್ ಶಂಕ್ರೆಪ್ಪ. ಮಾರ್ಕರ್ ಎಂದರೆ ಮೆಂಬರುಗಳ ಎದುರು ನಿಂತು ಚೆಂಡು ಹೊಡೆದುಕೊಡುವ ಆಳು. ಮೆಂಬರು ಸೋಲಬಾರದು, ಮಾರ್ಕರು ಬೇಕೆಂದೇ ಸೋತ ಹಾಗೂ ಕಾಣಬಾರದು. ಅದೂ ಒಂದು ವಿದ್ಯೆ. ಶಂಕ್ರೆಪ್ಪ ಅದನ್ನು ಕಲಿತದ್ದು ಠಾಣೆಯ ಒಂದು ಕ್ಲಬ್ಬಿನಲ್ಲಿ ಚೆಂಡು ಹೆಕ್ಕುತ್ತ. ಗಾರೆ ಕೆಲಸಕ್ಕೆಂದು ಕಲಬುರಗಿ ಕಡೆಯಿಂದ ಬಂದ ಅಪ್ಪ ಅವನನ್ನು ಅಲ್ಲಿ ಬಿಟ್ಟಾಗ ಅವನಿಗೆ ಹನ್ನೆರಡು. ಈಗ ನಲವತ್ತನಾಲ್ಕು. ಅಷ್ಟು ವರ್ಷ ಅವನು ಆಟಗಾರರ ಮುಖ ನೋಡಲಿಲ್ಲ, ಕಾಲು ನೋಡಿದ. ಪಕ್ಕದ ಘಣಸೋಲಿ ಗಾವದ ತನ್ನ ಒಂದು ಕೋಣೆಯ ಖೋಲಿಯಲ್ಲಿ ಕೂತು ಫೋನಿನಲ್ಲಿ ಹತ್ತು ನಿಮಿಷ ಒಬ್ಬನ ಆಟ ನೋಡಿದರೆ, ಅವನ ಬೆನ್ನು ನೋಯುತ್ತಿದೆಯೋ, ಮನಸ್ಸು ನೋಯುತ್ತಿದೆಯೋ, ಹೇಳಿಬಿಡುತ್ತಿದ್ದ.

ಮೆಂಬರುಗಳಲ್ಲಿ ಕನ್ನಡ ಬರುತ್ತಿದ್ದುದು ಉಡುಪಿ ಕಡೆಯ ಶೆಟ್ಟರೊಬ್ಬರಿಗೇ. ಹಾಗಾಗಿ ಕದ್ದುಮುಚ್ಚಿ ಕೇಳುವ ತಾಪತ್ರಯವೇ ಇರಲಿಲ್ಲ. ಎಲ್ಲರೂ ಶೆಡ್ಡಿನಲ್ಲಿ ಚಹಾ ಕುಡಿಯುತ್ತ ಕೂತಿರುವಾಗಲೇ ನೆಟ್ಟಿನ ಆಚೆಯಿಂದ ಗಟ್ಟಿಯಾಗಿ ಕೇಳುವರು, "ಈ ಸಲ ಯಾರೆಲ್ಲ ಬೀಳ್ತಾರೆ ಮಾರಾಯ?" ಶಂಕ್ರೆಪ್ಪ ಚೆಂಡು ಹೆಕ್ಕುತ್ತಲೇ ಹೆಸರೆತ್ತದೆ, ಆಟಗಾರರ ನಂಬರನ್ನಷ್ಟೇ ಕನ್ನಡದಲ್ಲಿ ಹೇಳುವನು. ಉಳಿದವರಿಗೆ ಅದು ಊರಿನ ಸುದ್ದಿಯೋ, ನೆಟ್ ಬಿಗಿಯುವ ಮಾತೋ.

ಇದರಲ್ಲಿ ಅವನಿಗೆ ಬೇಸರವೇನೂ ಇರಲಿಲ್ಲ. ದಿನವಿಡೀ ಹಿಂದಿ, ಮರಾಠಿ ಮಾತಾಡಿ ನಾಲಿಗೆ ದಣಿದವನಿಗೆ ದೊಡ್ಡ ಮನುಷ್ಯರೊಬ್ಬರು ತನ್ನ ಭಾಷೆಯಲ್ಲಿ ಕೂಗಿ ಮಾತಾಡಿಸುವುದೇ ಹಬ್ಬವಾಗಿತ್ತು. ಕಪ್ ಬಂದ ದಿನ ಶೆಟ್ಟರು ಒಂದು ಮಸಾಲೆದೋಸೆ ಪಾರ್ಸೆಲ್ ಕೊಟ್ಟು, "ನಾವು ನಾವು ಕನ್ನಡದವರು" ಎಂದು ಬೆನ್ನು ತಟ್ಟುತ್ತಿದ್ದರು. ಆ ಒಂದು ಮಾತಿಗೆ ಅವನು ಮೂರು ಕಪ್ ಬಿಟ್ಟುಕೊಟ್ಟಿದ್ದ. ಪೆದ್ದ.

ಈ ವರ್ಷ ಸೊಸೈಟಿಯವರು ಸಂಜೆ ಮಕ್ಕಳಿಗೆ ಟೆನಿಸ್ ಕಲಿಸುವ ಬ್ಯಾಚ್ ತೆರೆಯುವವರಿದ್ದರು. ಅದಕ್ಕೊಬ್ಬ ಕೋಚ್ ಬೇಕು. ಕೋಚಿಗೆ ಕುರ್ಚಿ ಇದೆ, ಬೋರ್ಡಿನ ಮೇಲೆ ಹೆಸರಿದೆ. ಮಾರ್ಕರಿಗೆ ಹೆಸರೇ ಇಲ್ಲ, ಅವನು ಎಲ್ಲರ ಬಾಯಲ್ಲೂ "ಏ ಮಾರ್ಕರ್". ಮೇಲಾಗಿ ಶಂಕ್ರೆಪ್ಪನ ಬಲ ಮೊಣಕಾಲು ಮೆಟ್ಟಿಲು ಇಳಿಯುವಾಗ ಕಟಕಟ ಎನ್ನತೊಡಗಿತ್ತು. ಓಡಲಾಗದ ಮಾರ್ಕರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಈ ಕೆಲಸ ಸಿಕ್ಕರೆ ಬದುಕು, ಇಲ್ಲವಾದರೆ ಇನ್ನೆರಡು ವರ್ಷಕ್ಕೆ ಯಾವುದಾದರೂ ಗೇಟಿನ ವಾಚ್‌ಮನ್. ನಾಚಿಕೆ ಬಿಟ್ಟು ಶೆಟ್ಟರನ್ನು ಕೇಳಿದ್ದ.

"ಕಮಿಟಿಯಲ್ಲಿ ನಾನಿದ್ದೇನಲ್ಲ, ನಿನಗೆ ಎಂತ ಹೆದರಿಕೆ?" ಎಂದಿದ್ದರು ಶೆಟ್ಟರು. "ಆ ಕೆಲಸ ನಿನ್ನದೇ ಅಂತ ತಿಳ್ಕೊ."

ಶುಕ್ರವಾರ ಸಂಜೆ ಕಮಿಟಿಯ ಮೀಟಿಂಗ್ ಸೆಕ್ರೆಟರಿ ರಮಾಕಾಂತ ಸಾಹೇಬರ ಮನೆಯಲ್ಲಿ ನಡೆಯಿತು. ಅವರ ಮನೆಯಲ್ಲಿ ಅಡುಗೆ ಮಾಡುವವಳು ಶಂಕ್ರೆಪ್ಪನ ಹೆಂಡತಿ ಮಾನಮ್ಮ. ಅವಳು ಖೋಲಿಗೆ ಬಂದವಳೇ ಚಪ್ಪಲಿಯನ್ನು ಮೂಲೆಗೆ ಒಗೆದಳು.

"ನಿಮ್ಮ ಶೆಟ್ರು ಏನಂದಾರ ಗೊತ್ತದೇನು?"

"ಏನಂದಾರ?"

"ನಮ್ಮ ಸಾಹೇಬ್ರು ಛಲೋ ಮನಷ್ಯಾ. 'ಹೊರಗಿನಂವ ಯಾಕ, ಶಂಕ್ರೆಪ್ಪನ್ನೇ ಕೋಚ್ ಮಾಡೂಣು' ಅಂತ ಅವರೇ ಅಂದ್ರು. 'ಶೆಟ್ರೇ, ಅಂವ ನಿಮ್ಮ ಭಾಷಾದಂವ, ದಿನಾ ಮಾತಾಡ್ತೀರಿ, ನೀವೇ ಹೇಳ್ರಿ' ಅಂದ್ರು. ಅದಕ್ಕ ನಿಮ್ಮ ಶೆಟ್ರು, 'ಅಂವಂದು ಕೈ ಓಡ್ತದ, ತಲಿ ಓಡಂಗಿಲ್ಲ. ದಿನಾ ಮಾತಾಡ್ತೀನಿ, ಅದಕ್ಕ ಹೇಳ್ತೀನಿ, ಆಟ ಅಂದ್ರ ಏನಂತ ಅಂವಗ ತಿಳಿಯಂಗಿಲ್ಲ. ಸರ್ಟಿಫಿಕೇಟ್ ಇದ್ದಂವನ್ನ ತರ್ರಿ' ಅಂದ್ರು. ಭಾಕ್ರಿ ಬಡಿಯೋದು ಬಿಟ್ಟು ನಿಂತು ಕೇಳೀನಿ ನಾ. ಸೋಮವಾರ ಪಕ್ಕಾ ಮಾಡ್ತಾರಂತ."

ಶಂಕ್ರೆಪ್ಪ ಮೊದಲು ನಂಬಲಿಲ್ಲ. ಆಮೇಲೆ ಯೋಚಿಸಿದ, ಯೋಚಿಸಿದಷ್ಟೂ ಸಿಟ್ಟು ನೆತ್ತಿಗೇರಿತು. ಅವನು ಕೋಚಾಗಿ ಕುರ್ಚಿಯಲ್ಲಿ ಕೂತರೆ ಎಲ್ಲರೂ ಅವನನ್ನೇ ಆಟದ ಬಗ್ಗೆ ಕೇಳುತ್ತಾರೆ. ಎರಡು ದಿನಕ್ಕೆ ಗೊತ್ತಾಗಿಬಿಡುತ್ತದೆ, ಪಂಡಿತ್‌ಜಿಯ ಪಾಂಡಿತ್ಯ ಯಾರ ತಲೆಯಿಂದ ಬಂದದ್ದು ಎಂದು. ಅದಕ್ಕೇ ಆ ತಲೆಯೇ ಇಲ್ಲವೆಂದುಬಿಟ್ಟರು. ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ. ಬೈದಿದ್ದರೆ ಸಹಿಸುತ್ತಿದ್ದ, ಮೆಂಬರುಗಳು ದಿನಾ ಬೈಯುತ್ತಾರೆ. ಆದರೆ ಕನ್ನಡದಲ್ಲಿ ಮಾತಾಡಿದ್ದನ್ನೇ ಸಾಕ್ಷಿ ಮಾಡಿಕೊಂಡು ಕತ್ತು ಕೊಯ್ದದ್ದು ಅವನಿಗೆ ತಡೆಯಲಾಗಲಿಲ್ಲ.

"ನಾಳಿ ಸುಳ್ಳ ಹೆಸರ ಹೇಳ್ರಿ," ಎಂದಳು ಮಾನಮ್ಮ. "ಎಲ್ಲಾರ ಮುಂದ ನಗಿಪಾಟಲಾಗ್ಲಿ."

"ಆಟದ ವಿಷಯದಾಗ ನನ್ನ ಬಾಯಿಂದ ಸುಳ್ಳ ಬರಂಗಿಲ್ಲ."

"ಹಂಗಾದ್ರ ದ್ವಾಸಿ ತಿಂದು ಮಕ್ಕೋರಿ," ಎಂದು ಅವಳು ಮಗ್ಗುಲಾದಳು.

ಶನಿವಾರ ಬೆಳಿಗ್ಗೆ ಸಮುದ್ರದ ಹಿನ್ನೀರಿನ ಖಾಡಿಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಮೆಂಬರುಗಳೆಲ್ಲ ಶೆಡ್ಡಿನಲ್ಲಿ ಹಾಳೆ ಹಿಡಿದು ಕೂತು ಜಗಳವಾಡುತ್ತಿದ್ದರು. ಏಳನೇ ಸೀಡ್ ಈ ಸಲ ಫೈನಲ್ ಮುಟ್ಟದಿದ್ದರೆ ಮೀಸೆ ಬೋಳಿಸುತ್ತೇನೆಂದು ಒಬ್ಬರು. ಮೀಸೆ ಬೋಳಿಸಲು ಮೊದಲು ಮೀಸೆ ಇರಬೇಕು ಎಂದು ಇನ್ನೊಬ್ಬರು. ಎಲ್ಲ ಹಿಂದಿಯಲ್ಲಿ. ಶೆಟ್ಟರು ಮಾತ್ರ ಖಾಲಿ ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ಶಂಕ್ರೆಪ್ಪನೆದುರು ಆಡುವ ನೆವದಲ್ಲಿ ಕೋರ್ಟಿಗಿಳಿದರು. ನಾಲ್ಕು ಚೆಂಡು ಹೊಡೆದು, ನೆಟ್ಟಿನ ಹತ್ತಿರ ಬಂದು, ಎಂದಿನ ಗಟ್ಟಿ ದನಿಯಲ್ಲಿ ಕೇಳಿದರು.

"ಈ ಸಲ ಯಾರೆಲ್ಲ ಬೀಳ್ತಾರೆ ಮಾರಾಯ?"

ಶಂಕ್ರೆಪ್ಪ ರಾಕೆಟ್ಟನ್ನು ಕಂಕುಳಿಗಿಟ್ಟ. ಶೆಡ್ಡಿಗೂ ಕೇಳುವಂತೆ ಕೂಗಿದ.

"ಸೇಠ್, ಸಾತವಾ ಸೀಡ್ ಗಿರೇಗಾ!"

ಶೆಡ್ಡಿನ ಗಲಾಟೆ ನಿಂತುಹೋಯಿತು. ಶಂಕ್ರೆಪ್ಪ ಹಿಂದಿಯಲ್ಲೇ ಮುಂದುವರಿಸಿದ. ಏಳನೆಯವನು ಸರ್ವ್ ಮಾಡುವಾಗ ಚೆಂಡನ್ನು ಮೊದಲಿನಷ್ಟು ಎತ್ತರ ಎಸೆಯುತ್ತಿಲ್ಲ, ಬೆನ್ನು ಹಿಡಿದಿದೆ. ಹನ್ನೆರಡನೆಯವನು ಅಕ್ಟೋಬರಿನಿಂದ ಒಂದೂ ಮ್ಯಾಚ್ ಆಡಿಲ್ಲ. ಇಪ್ಪತ್ತೆರಡನೆಯವನಿಗೆ ಬಿಸಿಲು ಆಗುವುದಿಲ್ಲ, ಅವನ ಮ್ಯಾಚ್ ಮಧ್ಯಾಹ್ನಕ್ಕಿದೆ. ಮೂವತ್ತನೆಯವನ ಎದುರಾಳಿ ಅವನನ್ನು ಹಿಂದೆ ಎರಡು ಸಲ ಸೋಲಿಸಿದ್ದಾನೆ.

ಶೆಟ್ಟರು ನೆಟ್ಟಿಗೆ ಇನ್ನಷ್ಟು ಒತ್ತಿ ನಿಂತರು. ದನಿ ತಗ್ಗಿಸಿ, "ಕನ್ನಡದಲ್ಲಿ ಹೇಳು, ಮಾರಾಯ," ಎಂದರು.

ಶಂಕ್ರೆಪ್ಪ ದನಿ ತಗ್ಗಿಸಲಿಲ್ಲ. ಹಿಂದಿಯಲ್ಲೇ ಹೇಳಿದ, "ಸೇಠ್, ಕನ್ನಡದಲ್ಲಿ ಮೂರು ವರ್ಷ ಹೇಳಿದೆ. ನನಗೆ ತಲೆ ಇಲ್ಲ ಅಂತ ಕಮಿಟಿಗೆ ನೀವು ಹಿಂದಿಯಲ್ಲಿ ಹೇಳಿದಿರಿ. ಅದಕ್ಕೇ ಈಗ ಹಿಂದಿ."

ರಮಾಕಾಂತ ಸಾಹೇಬರು ಕುರ್ಚಿಯಿಂದ ಎದ್ದರು. ಆದರೆ ಹೋಟೆಲ್ ನಡೆಸಿದವರು ಬೇಗ ಸೋಲುವುದಿಲ್ಲ. ಶೆಟ್ಟರು ಹೊಟ್ಟೆ ಕುಣಿಸಿ ನಕ್ಕರು. ನಿನ್ನೆ ನಾನೇ ಇವನಿಗೆ ಹೇಳಿದ ಹೆಸರುಗಳಿವು, ಗಿಳಿಯ ಹಾಗೆ ಒಪ್ಪಿಸುತ್ತಿದ್ದಾನೆ ಎಂದುಬಿಟ್ಟರು. ಒಂದಿಬ್ಬರು ಜೊತೆಗೆ ನಕ್ಕರು. ಶಂಕ್ರೆಪ್ಪ ನೆಟ್ಟು ದಾಟಿ ಶೆಡ್ಡಿನತ್ತ ನಡೆದ. ಅಂಥ ಸಿಟ್ಟು ಅವನಿಗೆ ಹುಟ್ಟಿದಾಗಿನಿಂದ ಬಂದಿರಲಿಲ್ಲ.

"ನಾನು ಹೇಳಿದ್ದು ನಾಲ್ಕೇ," ಎಂದ ಸಾಹೇಬರಿಗೆ. "ಐದನೆಯದನ್ನು ಸೇಠ್ ಹೇಳಲಿ. ನಾನೂ ಹೇಳುತ್ತೇನೆ. ನಾಳೆ ಬೆಳಿಗ್ಗೆ ಆಡುವವರಲ್ಲೇ ಆರಿಸೋಣ."

ಈಗ ಎಲ್ಲರೂ ಶೆಟ್ಟರನ್ನು ನೋಡಿದರು. ಅವರು ಗಡ್ಡ ಕೆರೆದು, ಹನ್ನೊಂದನೇ ಸೀಡ್ ಎಂದರು. ಯಾಕೆ ಎಂದು ಸಾಹೇಬರು ಕೇಳಿದ್ದಕ್ಕೆ, "ಫಾರ್ಮ್ ನಹೀ ಹೈ," ಎಂದರು. ಶಂಕ್ರೆಪ್ಪ ಹತ್ತೊಂಬತ್ತನೇ ಸೀಡ್ ಎಂದ, ಆ ಉದ್ದನೆಯ ಎಡಚ. ಅವನೆದುರು ಬಂದಿರುವ ಹುಡುಗ ಅರ್ಹತಾ ಸುತ್ತಿನಲ್ಲಿ ಅದೇ ನೆಲದ ಮೇಲೆ ಮೂರು ಮ್ಯಾಚ್ ಗೆದ್ದು ಬಂದವನು, ಅವನ ಕಾಲು ಆ ನೆಲಕ್ಕೆ ಹೊಂದಿಕೊಂಡಿದೆ, ಎಡಚನದು ಇನ್ನೂ ಇಲ್ಲ ಎಂದ. ಸಾಹೇಬರು ಎರಡೂ ಹೆಸರನ್ನು ತಾವೇ ಬರೆದು ಬೋರ್ಡಿಗೆ ಚುಚ್ಚಿದರು. ಒಂದರ ಕೆಳಗೆ ಜಯಶೀಲ ಶೆಟ್ಟಿ, ಇನ್ನೊಂದರ ಕೆಳಗೆ ಶಂಕ್ರೆಪ್ಪ. ಬೋರ್ಡಿನಲ್ಲಿ ಅವನ ಹೆಸರು ಬಿದ್ದದ್ದು ಅದೇ ಮೊದಲು.

ಭಾನುವಾರ ಐದೂವರೆಗೆ, ಇಲ್ಲಿ ಇನ್ನೂ ಮಬ್ಬುಗತ್ತಲು, ಮೆಲ್ಬರ್ನಿನಲ್ಲಿ ಆಟ ಶುರುವಾಯಿತು. ಆಡಲು ಬಂದವರು ಯಾರೂ ಆಡಲಿಲ್ಲ. ಸಾಹೇಬರ ಫೋನನ್ನು ಚಹಾದ ಥರ್ಮಾಸಿಗೆ ಒರಗಿಸಿ ಸುತ್ತ ಕೂತರು. ಶೆಟ್ಟರ ಹನ್ನೊಂದನೇ ಸೀಡ್ ಬೆವರೂ ಒಡೆಯದೆ ಗೆದ್ದ. ಶಂಕ್ರೆಪ್ಪ ಹೇಳಿದ ನಾಲ್ವರಲ್ಲಿ ಆ ಹೊತ್ತು ಆಡಿದ ಮೂವತ್ತನೆಯವನೂ ಗೆದ್ದುಬಿಟ್ಟ. ಆ ಎಡಚನಂತೂ ಮೊದಲ ಎರಡು ಸೆಟ್ಟನ್ನು ಬಾಳೆಹಣ್ಣು ಸುಲಿದಂತೆ ಗೆದ್ದ, ಇನ್ನೊಂದು ಗೆದ್ದರೆ ಮ್ಯಾಚ್ ಅವನದೇ. ಶೆಟ್ಟರ ದನಿ ಏರಿತು. ಮಾರ್ಕರನ್ನು ಮಾರ್ಕರಿನ ಜಾಗದಲ್ಲಿಡಬೇಕು ಎಂದು ಒಂದು ಭಾಷಣವೇ ಆಯಿತು.

ಶಂಕ್ರೆಪ್ಪ ಕೋರ್ಟಿನ ಎಲೆ ಗುಡಿಸುತ್ತಿದ್ದ. ಎಲ್ಲ ಮುಗಿಯಿತು ಎಂದುಕೊಂಡ, ನಾಳೆಯ ಮೀಟಿಂಗೂ ಮುಗಿಯಿತು. ಸಾಹೇಬರು ಕರೆದಾಗ ಪೊರಕೆ ಹಿಡಿದೇ ಬಂದು ಫೋನಿನೊಳಗೆ ಬಗ್ಗಿದ. ಎರಡು ಗೇಮ್ ನೋಡಿದ.

"ಎಡಚ ಲೈನಿನ ಮೇಲೆ ನಿಂತು ಹೊಡೀತಿದ್ದ, ಈಗ ಎರಡು ಹೆಜ್ಜೆ ಹಿಂದಿದ್ದಾನೆ," ಎಂದ ಹಿಂದಿಯಲ್ಲಿ. "ಆ ಹುಡುಗನನ್ನು ನೋಡಿ. ಬಿಡುವಿನಲ್ಲೂ ಕೂತಿಲ್ಲ, ನಿಂತೇ ನೀರು ಕುಡೀತಿದ್ದಾನೆ. ಇವನು ಸೋಲ್ತಾನೆ, ಹೊತ್ತಾಗ್ತದೆ ಅಷ್ಟೆ." ಹೇಳಿ ಮತ್ತೆ ಗುಡಿಸಲು ಹೋದ.

ಹೊತ್ತಾಯಿತು. ಒಂಬತ್ತೂಕಾಲಿಗೆ, ಐದನೇ ಸೆಟ್ಟಿನಲ್ಲಿ, ಎಡಚ ಚೆಂಡನ್ನು ನೆಟ್ಟಿಗೆ ಹೊಡೆದು ಸೋತ. ಶೆಡ್ಡಿನಲ್ಲಿ ಕೇಕೆ. ಶೆಟ್ಟರಿಗೆ ಹೋಟೆಲಿನ ನೆನಪಾಯಿತು, ಕಾರಿನ ಕೀಲಿ ಹುಡುಕತೊಡಗಿದರು. ಸಾಹೇಬರು ಬೋರ್ಡಿನ ಎರಡು ಹಾಳೆಗಳನ್ನು ನೋಡಿದರು, ಆಮೇಲೆ ಶೆಟ್ಟರನ್ನು ನೋಡಿದರು.

ಸೋಮವಾರ ಕಮಿಟಿ ತೀರ್ಮಾನಿಸಿತು. ಮೂರು ತಿಂಗಳು ನೋಡೋಣ, ಆಮೇಲೆ ಕಾಯಂ, ಕೋಚ್ ಶಂಕ್ರೆಪ್ಪ. ಬೆಳಿಗ್ಗೆ ಮೆಂಬರುಗಳಿಗೂ ಅವನೇ ಹೇಳಿಕೊಡುವುದು. ಮಂಗಳವಾರ ಬೆಳಿಗ್ಗೆ ಎಲ್ಲರ ಎದುರು ಶೆಟ್ಟರು ಬಂದು ಅವನ ಹೆಗಲಿಗೆ ಕೈ ಹಾಕಿದರು. ಆ ಮನುಷ್ಯನ ಚರ್ಮ ಎಷ್ಟು ದಪ್ಪವಿರಬೇಕು!

"ಕೆಲಸ ನಿನ್ನದೇ ಅಂತ ನಾನು ಅವತ್ತೇ ಹೇಳಿರ್ಲಿಲ್ವಾ ಮಾರಾಯ? ಎಷ್ಟಾದ್ರೂ ನಾವು ನಾವು ಕನ್ನಡದವರು."

ಶಂಕ್ರೆಪ್ಪ ಹೆಗಲು ಸರಿಸಿದ. ಕೈ ಕೆಳಗೆ ಬಿತ್ತು.

"ಠೀಕ್ ಹೈ, ಸೇಠ್," ಎಂದ.

ಅಂದಿನಿಂದ ಅಷ್ಟೆ. ಶೆಟ್ಟರು ದಿನವೂ ಕನ್ನಡದಲ್ಲಿ ಮಾತಾಡಿಸುತ್ತಾರೆ, ಅವನು ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ಅವನ ನಾಲಿಗೆಗೂ ಕಷ್ಟವೇ, ಆ ಕೋರ್ಟಿನಲ್ಲಿ ಕನ್ನಡ ಆಡಲು ಬೇರೆ ಯಾರಿದ್ದಾರೆ? ಆದರೂ ಒಂದು ಕನ್ನಡ ಮಾತನ್ನೂ ಕೊಡಲಿಲ್ಲ. ಒಂದು ಬೆಳಿಗ್ಗೆ ಶೆಟ್ಟರೇ ಸೋತು, ನೆಟ್ಟಿನ ಹತ್ತಿರ ಬಂದು, ಯಾರಿಗೂ ಕೇಳದಂತೆ ಹೇಳಿದರು.

"ತಪ್ಪಾಯ್ತು ಅಂತ ಇಟ್ಕೊ. ಆ ಮೂರು ಕಪ್ಪನ್ನೂ ಕಳಿಸ್ತೇನೆ. ಒಂದು ಮಾತು ಕನ್ನಡದಲ್ಲಿ ಆಡು ಮಾರಾಯ."

ಶಂಕ್ರೆಪ್ಪ ಬುಟ್ಟಿಯಿಂದ ಚೆಂಡು ತೆಗೆದು ಅವರ ಬಲಗೈ ಕಡೆಗೆ, ಸೊಂಟದ ಎತ್ತರಕ್ಕೆ, ಸರಿಯಾಗಿ ಹೊಡೆದ. ಸಂಜೆ ಮಕ್ಕಳಿಗೆ ಚೆಂಡಿನ ಮೇಲೆ ಗಮನವಿಡಿ ಎನ್ನುವ ದನಿಯಲ್ಲೇ ಹೇಳಿದ.

"ಸೇಠ್, ಬಾಲ್ ಪೇ ಧ್ಯಾನ್ ದೋ."